ಮೂರನೇ ಕ್ಲಾಸಿನ ಮಗುವನ್ನು ವಿಶೇಷ ಶಾಲೆಗೆ ಹಾಕಿ ಅಂತಾರೆ, ಹಾಗೆ ಹೇಳಬಹುದಾ?

ಮಲ್ಪೆ_ಪೋಷಕಿ:
ಉಡುಪಿ ಕಡೆಯ ಅನುದಾನರಹಿತ ಶಾಲೆ. ಮಗಳಿಗೆ ಎಂಟು ತುಂಬಿದೆ. ಬಾಯಲ್ಲಿ ಕೇಳಿದರೆ ಪಾಠವೆಲ್ಲ ಹೇಳುತ್ತಾಳೆ. ಬರೆಯಲು ಕೂತರೆ 'ಮ' ಇರುವಲ್ಲಿ 'ಯ', ಒತ್ತಕ್ಷರ ಬಿಟ್ಟೇ ಹೋಗುತ್ತದೆ. ಮುಂದಿನ ವರ್ಷಕ್ಕೆ ವಿಶೇಷ ಶಾಲೆ ನೋಡಿಕೊಳ್ಳಿ ಎಂದಿದ್ದಾರೆ, ಬರೀ ಬಾಯಿಮಾತಿನಲ್ಲಿ. ಯುಡಿಐಡಿ (ವಿಕಲಚೇತನರ ಗುರುತಿನ) ಕಾರ್ಡ್ ಮಾಡಿಸಿಲ್ಲ. ಮೊದಲು ಏನು ಮಾಡಲಿ?

ಹಿಂಬರಹ:
ಹಾಗೆ ಹೇಳುವ ಅಧಿಕಾರ ಶಾಲೆಗಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 16ನೇ ಸೆಕ್ಷನ್ ಅನುದಾನವಿಲ್ಲದಿದ್ದರೂ ಸರ್ಕಾರದ ಮಾನ್ಯತೆ ಇರುವ ಶಾಲೆಗೆ ಅನ್ವಯಿಸುತ್ತದೆ. ಕಲಿಕಾ ನ್ಯೂನತೆಯನ್ನು (ಬುದ್ಧಿ ಇದ್ದೂ ಓದು-ಬರಹ ತೊಡಕಾಗುವುದು) ಬೇಗ ಗುರುತಿಸಿ ಅದಕ್ಕೆ ತಕ್ಕಂತೆ ಕಲಿಸುವುದನ್ನೂ ಅದೇ ಸೆಕ್ಷನ್ ಶಾಲೆಯ ಹೆಗಲಿಗೆ ಹಾಕಿದೆ. ನ್ಯೂನತೆ ಶೇ 40 ಇದ್ದರೆ ಮಾತ್ರ ಹಕ್ಕು ಎಂದು ಹಲವರು ತಿಳಿದಿದ್ದಾರೆ, ಅದು ತಪ್ಪು. ಶೇ 40ರ ಮಾತು ಬರುವುದು 31ನೇ ಸೆಕ್ಷನ್ನಿನ ಉಚಿತ ಶಿಕ್ಷಣಕ್ಕೆ. ಅಲ್ಲೂ ನೆರೆಹೊರೆಯ ಶಾಲೆಯೋ ವಿಶೇಷ ಶಾಲೆಯೋ ಎಂಬ ಆಯ್ಕೆ ಮಗುವಿನದ್ದು.

ಇವತ್ತೇ ಮುಖ್ಯೋಪಾಧ್ಯಾಯರಿಗೆ ಅರ್ಜಿ ಬರೆಯಿರಿ, ಎರಡು ಪ್ರತಿ. 'ಸಹಾಯ ಮಾಡಿ' ಎಂದು ಬರೆದರೆ ಕಡತ ಅಲ್ಲಾಡುವುದಿಲ್ಲ. ಬೋರ್ಡಿನ ಬರಹಕ್ಕೆ ಜೆರಾಕ್ಸ್ ಕೊಡಿ, ಕಾಗುಣಿತಕ್ಕೆ ಅಂಕ ಕಳೆಯಬೇಡಿ, ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಕೊಡಿ ಎಂದು ಒಂದೊಂದಾಗಿ ಕೇಳಿ. ನಿಮ್ಮ ಪ್ರತಿಗೆ ಮೊಹರು, ತಾರೀಕು ಹಾಕಿಸಿ. ಹಾಕದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ಉತ್ತರ ಬರಲಿಲ್ಲವೋ, ಅದೇ ಪ್ರತಿ ಲಗತ್ತಿಸಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಕೊಟ್ಟು ಹಿಂಬರಹ, ಅಂದರೆ ಲಿಖಿತ ಉತ್ತರ ಕೇಳಿ. ನಂತರ ಡಿಡಿಪಿಐ (ಶಿಕ್ಷಣ ಇಲಾಖೆಯ ಜಿಲ್ಲಾ ಉಪನಿರ್ದೇಶಕರು), ಆಮೇಲೆ ಬೆಂಗಳೂರಿನ ರಾಜ್ಯ ವಿಕಲಚೇತನರ ಆಯುಕ್ತರು. ಕೈಯಲ್ಲಿ ಕಾಗದವಿಲ್ಲದೆ ಮೇಲೆ ಹೋದವರನ್ನು 'ಶಾಲೆ ಹಾಗೆ ಹೇಳಿಯೇ ಇಲ್ಲ' ಎಂದು ವಾಪಸ್ ಕಳಿಸುತ್ತಾರೆ.

ಕಡಲತಡಿ:
ಒಂದು ಸೇರಿಸುತ್ತೇನೆ. 8ನೇ ತರಗತಿ ಮುಗಿಯುವವರೆಗೆ ಮಗುವನ್ನು ಹೊರಹಾಕುವಂತಿಲ್ಲ ಎಂದು ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಹೇಳುತ್ತದೆ. ಆದರೆ ಸುಪ್ರೀಂ ಕೋರ್ಟಿನ 2014ರ ಪ್ರಮತಿ ತೀರ್ಪಿನಂತೆ ಅದು ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಅನ್ವಯಿಸದು, ನಮ್ಮ ಕರಾವಳಿಯಲ್ಲಿ ಅಂಥ ಶಾಲೆಗಳು ಬಹಳ. ಹಾಗಾಗಿ ಅರ್ಜಿಯಲ್ಲಿ 2016ರ ಕಾಯ್ದೆಯನ್ನೇ ಮುಂದಿಡಿ.

ಅಜ್ಜರಕಾಡು_ದಾರಿ:
ಅರ್ಜಿ ಕೊಡಲು ಕಾರ್ಡಿಗೆ ಕಾಯಬೇಡಿ, ಆದರೆ ಅದರ ಕೆಲಸ ಜೊತೆಗೇ ಶುರುವಾಗಲಿ. ಮೊದಲು ಕಣ್ಣು, ಕಿವಿ ಪರೀಕ್ಷೆ. ಆಮೇಲೆ ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ತಿರ ಬುದ್ಧಿಮಟ್ಟ ಮತ್ತು ಓದು-ಬರಹದ ಪರೀಕ್ಷೆ, ನಮ್ಮಲ್ಲಿ ಹೆಚ್ಚಾಗಿ ನಿಮ್ಹಾನ್ಸ್ ಬ್ಯಾಟರಿ ಎಂಬ ಪರೀಕ್ಷೆಗಳ ಗುಚ್ಛ ಬಳಸುತ್ತಾರೆ. ಒಂದೇ ದಿನಕ್ಕೆ ಮುಗಿಸಲು ಒತ್ತಾಯಿಸಬೇಡಿ, ದಣಿದ ಮಗುವಿನ ಅಂಕ ನಿಜ ಹೇಳುವುದಿಲ್ಲ. ಯುಡಿಐಡಿ ಕಾರ್ಡಿಗೂ ವಿಕಲಚೇತನ ಪ್ರಮಾಣಪತ್ರಕ್ಕೂ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ ಅಜ್ಜರಕಾಡು ಜಿಲ್ಲಾಸ್ಪತ್ರೆಗೆ ಹೋಗಿ, ಮಂಗಳೂರಿನವರಾದರೆ ವೆನ್ಲಾಕ್. ಆಧಾರ್, ಜನನ ಪ್ರಮಾಣಪತ್ರ, ಶಾಲಾ ದಾಖಲೆ ಮೂರರಲ್ಲೂ ಹೆಸರಿನ ಅಕ್ಷರ ಒಂದೇ ಇದೆಯಾ ನೋಡಿ. ಈಗ ಬಿಟ್ಟರೆ ಎಸ್‌ಎಸ್‌ಎಲ್‌ಸಿ ಹೊತ್ತಿಗೆ ತೊಡಕಾಗುತ್ತದೆ. ಅಲ್ಲಿ ಬರಹಗಾರರ ನೆರವು, ಗಂಟೆಗೆ 20 ನಿಮಿಷದ ಲೆಕ್ಕದಲ್ಲಿ ಹೆಚ್ಚುವರಿ ಸಮಯ ಎಲ್ಲ ಈ ವಿಕಲಚೇತನ ಪ್ರಮಾಣಪತ್ರದ ಮೇಲೇ ನಿಂತಿದೆ.

ಮಲ್ಪೆ_ಪೋಷಕಿ:
ಕಾಗುಣಿತದ ವಿಷಯ ಕೇಳಬಹುದು ಅಂತಲೇ ಗೊತ್ತಿರಲಿಲ್ಲ. ನಾಳೆ ಎರಡು ಪ್ರತಿ ತೆಗೆದುಕೊಂಡು ಹೋಗುತ್ತೇನೆ.