ಸಹಾಯ ಬೇಕು: ಹಳೇ ಗುಲ್‌ಮೊಹರ್ ಕಡಿಸೋದಾ, ಕೊಂಬೆ ಮಾತ್ರ ತೆಗೆಸೋದಾ?

ಎಲ್ಲರಿಗೂ ನಮಸ್ಕಾರ. ಮೈಸೂರಿನ ನಮ್ಮ ಮನೆ ಕಾಂಪೌಂಡಿನಲ್ಲಿ ಎರಡು ಹಳೇ ಮರಗಳಿವೆ, ಒಂದು ಗುಲ್‌ಮೊಹರ್, ಇನ್ನೊಂದು ಮಾವು. ಮನೆ ಕಟ್ಟಿಸಿದ ವರ್ಷ ಅಪ್ಪನೇ ನೆಟ್ಟಿದ್ದು. ಹೋದ ವಾರದ ಮಳೆಗೆ ಗುಲ್‌ಮೊಹರ್‌ನ ತೊಡೆ ಗಾತ್ರದ ಕೊಂಬೆ ಮುರಿದು ಸಂಪಿನ ಪಕ್ಕ ಬಿತ್ತು. ಮುರಿದ ಜಾಗದಲ್ಲಿ ಒಳಗೆಲ್ಲ ಕಂದು ಪುಡಿ, ಬೆರಳು ತಾಗಿದರೆ ಉದುರುತ್ತದೆ. ಬುಡದಲ್ಲಿ ಅಂಗೈ ಅಗಲದ ಗಟ್ಟಿ ಅಣಬೆ ಎದ್ದಿದೆ, ಕಾಂಡಕ್ಕೆ ಸುತ್ತಿಗೆಯಿಂದ ತಟ್ಟಿದರೆ ಖಾಲಿ ಡಬ್ಬ ಬಡಿದ ಹಾಗೆ ಸದ್ದು. ಈ ಮರದ ಬೇರು ಜಾಸ್ತಿ ಆಳಕ್ಕೆ ಇಳಿಯುವುದಿಲ್ಲ, ಅಮ್ಮ ಮಲಗುವ ರೂಮು ಅದರ ಕೆಳಗೇ ಇದೆ, ಗಾಳಿ ಎದ್ದ ರಾತ್ರಿ ನನಗೆ ನಿದ್ದೆಯೇ ಇಲ್ಲ.

ಮಾವು ಗಟ್ಟಿಯಾಗಿದೆ. ಸಜ್ಜಾಕ್ಕೆ ತಾಗುವ ಎರಡು ಕೊಂಬೆ ತೆಗೆಸಿದರೆ ಸಾಕು ಅಲ್ವಾ? ಮರ ಕಡಿಯುವವರು ಎರಡನ್ನೂ ಬೋಳಿಸಿಬಿಡುತ್ತೇವೆ ಅಂದರು, ನಾನು ಒಪ್ಪಲಿಲ್ಲ. ಹಾಗೆ ಬೋಳಿಸಿದ ಮೇಲೆ ಬರುವ ಕೊಂಬೆ ಬಲವಾಗಿ ಕಚ್ಚಿಕೊಂಡಿರುವುದಿಲ್ಲ, ಸುಮ್ನೆ ಮರವನ್ನು ಹಾಳು ಮಾಡಿದ ಹಾಗೆ.

1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಸ್ವಂತ ಜಾಗದ ಮರ ಕಡಿಸಲೂ ವೃಕ್ಷಾಧಿಕಾರಿಯ (ಇದಕ್ಕೆಂದೇ ನೇಮಿಸಿದ ಅರಣ್ಯ ಅಧಿಕಾರಿ) ಅನುಮತಿ ಬೇಕಲ್ಲ, ಅರ್ಜಿ ಹಾಕಿದವರು ಇದ್ದರೆ ಎಷ್ಟು ದಿನ ಹಿಡಿಯಿತು, ಏನೇನು ಕಾಗದ ಕೇಳಿದರು ಹೇಳಿ. ಗುಲ್‌ಮೊಹರನ್ನು ಕೊಂಬೆ ತೆಗೆಸಿ ಭಾರ ಇಳಿಸಿ ಉಳಿಸಿಕೊಂಡವರು ಇದ್ದರೆ ಖಂಡಿತ ಬರೆಯಿರಿ, ಅಪ್ಪ ನೆಟ್ಟ ಮರ, ಕಡಿಸಲು ಮನಸ್ಸು ಬರುತ್ತಿಲ್ಲ.