ಗುರುವಾರ ನಾಲ್ಕು ಗಂಟೆ, ಜಗಲಿ

ನಮ್ಮ ‘ಮನೆ ಮಂದಿ’ ಗುಂಪಿನ ಮಾತು ಇದು. ಯಾರ ಹೆಸರೂ ಇಲ್ಲ, ನನ್ನ ಫೋನಲ್ಲಿ ಸೇವ್ ಆದ ಹಾಗೇ ಹಾಕಿದ್ದೇನೆ. ಪುಟ್ಟಿಯನ್ನು ಕೇಳಿಯೇ ಹಾಕಿದ್ದು.

ನಾನು: (ಫಾರ್ವರ್ಡ್ ಚಿತ್ರ: ‘ಮಕ್ಕಳನ್ನು ವಿಡಿಯೋದಲ್ಲಿ ಡಾಕ್ಟರಿಗೆ ತೋರಿಸುವ ಮುಂಚೆ’ ಏನೇನು ಮಾಡಬೇಕು ಅನ್ನೋ ಪಟ್ಟಿ)

ನಾನು: ಚಿಕ್ಕಮ್ಮ, ಗುರುವಾರ ಪುಟ್ಟಿ ತಲೆನೋವಿಗೆ ಡಾಕ್ಟರ ವಿಡಿಯೋ ಕರೆ ಇದೆಯಲ್ಲ, ಒಂದ್ಸಲ ಓದಿ.

ಚಿಕ್ಕಮ್ಮ: ಓದಿದೆ ಕಣೋ. ಆರನೇದು ಎಂತದು ಮಾರಾಯ? ‘ಸ್ವಲ್ಪ ಹೊತ್ತು ಡಾಕ್ಟರ ಜೊತೆ ಮಗುವನ್ನು ಒಂಟಿಯಾಗಿ ಮಾತಾಡಲು ಬಿಡಿ’ ಅಂತೆ.

ದೊಡ್ಡಪ್ಪ: ಹದಿನೈದು ವರ್ಷದ ಹುಡುಗಿಗೆ ಎಂತ ಗುಟ್ಟು? ತಲೆನೋವು ತಾನೇ?

ದೊಡ್ಡಪ್ಪ: ಅದೂ ಅಲ್ದೆ ನಿಯಮವೇ ಇದೆ. 2020 ಮಾರ್ಚ್ 25ರ ಟೆಲಿಮೆಡಿಸಿನ್ ಮಾರ್ಗಸೂಚಿ, ಫೋನು, ವಿಡಿಯೋದಲ್ಲಿ ರೋಗಿ ನೋಡೋದಕ್ಕೆ. ಅಪ್ರಾಪ್ತ ವಯಸ್ಸಿನವರ ಜೊತೆ ದೊಡ್ಡವರೊಬ್ಬರು ಇರಬೇಕು, ಅವರು ಯಾರು ಅಂತ ಡಾಕ್ಟರು ಖಾತ್ರಿ ಮಾಡ್ಕೋಬೇಕು.

(ದೊಡ್ಡಪ್ಪ ಅಡಿಕೆ ಸೊಸೈಟಿಯ ಬೈಲಾವನ್ನೂ ಪೂರ್ತಿ ಓದಿದವರು.)

ಶಿವಮೊಗ್ಗ ಅತ್ತೆ: ಇರಬೇಕು ಅಂದ್ರೆ ಅವಳ ಬಾಯಿಂದ ಮಾತು ಕಿತ್ಕೋಬೇಕು ಅಂತಲ್ಲ ಅಣ್ಣ. ಶುರುವಲ್ಲಿ ಅತ್ತಿಗೆ ಕೂತು ಮುಖ ತೋರಿಸಲಿ. ಡಾಕ್ಟರು ‘ಸ್ವಲ್ಪ ಹೊರಗಿರ್ತೀರಾ’ ಅಂದ್ರೆ ಎದ್ದು ಹೋಗಬೇಕು, ಕರೆದ್ರೆ ಬರಬೇಕು. ನಮ್ಮ ಆಸ್ಪತ್ರೆ ವಾರ್ಡಲ್ಲಿ ದಿನಾ ನೋಡ್ತೇನೆ. ಹುಡುಗಿಗೆ ಕೇಳಿದ್ರೆ ಉತ್ತರ ತಾಯಿ ಕೊಡ್ತಾಳೆ.

ಚಿಕ್ಕಮ್ಮ: ನಾನು ಹಾಗೆ ಮಾಡ್ತೇನಾ?

ಶಿವಮೊಗ್ಗ ಅತ್ತೆ: ಹೋದ ವರ್ಷ ಕನ್ನಡಕದ ಅಂಗಡೀಲಿ ಅಕ್ಷರ ಓದಿದ್ದೇ ನೀವು ಅತ್ತಿಗೆ.

ದೊಡ್ಡಪ್ಪ: 😂

ಶಿವಮೊಗ್ಗ ಅತ್ತೆ: ನಗೋದು ಬಿಡಿ. ಡಾಕ್ಟರು ಕೈಯಲ್ಲಿ ಮುಟ್ಟಿ ನೋಡಕ್ಕಾಗಲ್ಲ, ಅದಕ್ಕೆ ಬರೆದಿಟ್ಟದ್ದೇ ಅವರ ಕಣ್ಣು. ಯಾವ ದಿನ, ಎಷ್ಟು ಹೊತ್ತಿಗೆ ಶುರು, ಎಷ್ಟು ಗಂಟೆ ಇತ್ತು, ಒಂದೇ ಕಡೆಯೋ ಪೂರ್ತಿ ತಲೆಯೋ, ವಾಂತಿ, ಬೆಳಕು ಕಂಡ್ರೆ ಆಗಲ್ವಾ, ಹಿಂದಿನ ರಾತ್ರಿ ನಿದ್ದೆ, ಬೆಳಿಗ್ಗೆ ತಿಂಡಿ ಬಿಟ್ಟಿದ್ಳಾ. ಮುಟ್ಟಿನ ತಾರೀಕೂ. ಎಷ್ಟೋ ಜನಕ್ಕೆ ಅರ್ಧತಲೆ ನೋವು ಆ ದಿನಗಳಿಗೇ ತಗುಲಿ ಬರ್ತದೆ. ತೂಕ ಬರೀರಿ. ನುಂಗಿದ ಮಾತ್ರೆ ಖಾಲಿ ಶೀಟಾದ್ರೂ ಇಟ್ಕೊಳ್ಳಿ, ‘ಕೆಂಪು ಮಾತ್ರೆ’ ಅಂದ್ರೆ ಅವರಿಗೆ ತಿಳಿಯಲ್ಲ. ತಿಂಗಳಿಗೆ 15 ದಿನ ನೋವಿನ ಮಾತ್ರೆ ನುಂಗ್ತಾ ಹೋದ್ರೆ ಮಾತ್ರೆಯಿಂದಲೇ ತಲೆನೋವು ಶುರುವಾಗ್ತದೆ. ಅಮ್ಮನ ಕಷಾಯ ಕುಡಿಸಿದ್ರೆ ಅದನ್ನೂ ಹೇಳಿ.

ದೊಡ್ಡಪ್ಪ: ನಮ್ಮ ಅಮ್ಮನಿಗೂ ಇತ್ತಲ್ಲ ಇದು. ಬಾಗಿಲು ಹಾಕ್ಕೊಂಡು ಕತ್ತಲೆ ಕೋಣೇಲಿ ಮಲಗ್ತಿದ್ಳು. ಗಂಧ ಹಚ್ಕೊಂಡು.

ಶಿವಮೊಗ್ಗ ಅತ್ತೆ: ನೋಡಿ! ಅದು ಎಲ್ಲದಕ್ಕಿಂತ ಮೊದಲು ಹೇಳ್ಬೇಕಾದ್ದು. ಅರ್ಧತಲೆ ಮನೆತನದಲ್ಲಿ ಬರ್ತದೆ.

ಶಿವಮೊಗ್ಗ ಅತ್ತೆ: ಮತ್ತೆ, ಜ್ವರ ಬಂದು ಕುತ್ತಿಗೆ ಬಗ್ಗದಿದ್ರೆ, ಕೈಕಾಲು ಸೋತ್ರೆ, ಇದ್ದಕ್ಕಿದ್ದ ಹಾಗೆ ತಲೆ ಸಿಡಿದ ಹಾಗಾದ್ರೆ ಗುರುವಾರ ಕಾಯ್ಬೇಡಿ. ಕಾರು ಹತ್ತಿಸಿ ಸೀದಾ ಮೆಗ್ಗಾನ್ ಆಸ್ಪತ್ರೆಗೆ.

ಚಿಕ್ಕಮ್ಮ: ಸರಿ. ಆದ್ರೆ ಒಂಟಿಯಾಗಿ ಎಲ್ಲಿ ಕೂರಿಸ್ಲಿ? ವೈಫೈ ಸಿಗ್ನಲ್ ಬರೋದು ಜಗಲಿ ಮೂಲೇಲಿ ಮಾತ್ರ. ಅಲ್ಲಿ ಮಾವನ ಕುರ್ಚಿ, ಎಲೆ ಅಡಿಕೆ ತಟ್ಟೆ. ತೋಟಕ್ಕೆ ಔಷಧಿ ಹೊಡೆಯೋರೂ ಕಾಫಿಗೆ ಅಲ್ಲೇ ಬಂದು ಕೂರ್ತಾರೆ.

ದೊಡ್ಡಪ್ಪ: ವಿಡಿಯೋ ಯಾಕೆ, ಕೋಣೆಯಲ್ಲಿ ಬರೀ ಫೋನಲ್ಲಿ ಮಾತಾಡ್ಲಿ.

ನಾನು: ದೊಡ್ಡಪ್ಪ, ನಿಮ್ಮದೇ ಮಾರ್ಗಸೂಚಿ. ಮೊದಲ ಸಲಕ್ಕೆ ವಿಡಿಯೋ ಇಲ್ದಿದ್ರೆ ಕೆಲವು ಔಷಧಿ ಬರೆಯೋ ಹಾಗಿಲ್ಲ.

ದೊಡ್ಡಪ್ಪ: ಹೌದು. ಪಟ್ಟಿ ‘ಎ’. ಮರ್ತಿದ್ದೆ.

ಚಿಕ್ಕಮ್ಮ: ಆರೋಗ್ಯ ಉಪಕೇಂದ್ರಕ್ಕೆ ಹೋದ್ರೆ ಅವರೇ ಸರ್ಕಾರದ ಇ-ಸಂಜೀವಿನೀಲಿ ಡಾಕ್ಟರಿಗೆ ವಿಡಿಯೋದಲ್ಲಿ ತೋರಿಸ್ತಾರಂತೆ?

ಶಿವಮೊಗ್ಗ ಅತ್ತೆ: ತೋರಿಸ್ತಾರೆ, ದುಡ್ಡೂ ಇಲ್ಲ. ಇದು ಬುಕ್ ಆಗಿದೆಯಲ್ಲ, ಇದು ಮುಗೀಲಿ.

ದೊಡ್ಡಪ್ಪ: ನಾನಂತೂ ಹೇಳೋದು ಒಂದೇ. ಮಕ್ಕಳನ್ನ ಒಂಟಿ ಬಿಟ್ರೆ ಡಾಕ್ಟರು ಏನೇನೋ ಕೇಳ್ತಾರೆ, ಇವು ಏನೇನೋ ಹೇಳ್ತಾವೆ.

ಪುಟ್ಟಿ: ದೊಡ್ಡಪ್ಪ, ನಾನೂ ಈ ಗುಂಪಲ್ಲಿದ್ದೇನೆ.

(ಹನ್ನೊಂದು ನಿಮಿಷ ಯಾರದ್ದೂ ಸದ್ದಿಲ್ಲ. ಹಬ್ಬದ ದಿನವೂ ಈ ಗುಂಪು ಇಷ್ಟು ಹೊತ್ತು ಸುಮ್ಮನಿದ್ದದ್ದು ನಾ ಕಾಣೆ.)

ಪುಟ್ಟಿ: ಅತ್ತೆ ಹೇಳಿದ್ದೆಲ್ಲ ಮೇ ತಿಂಗಳಿಂದ ಬರೆದಿಟ್ಟಿದ್ದೇನೆ, ಗಣಿತದ ನೋಟ್ಸ್ ಹಿಂದುಗಡೆ. ಎರಡು ಪುಟ ಇದೆ. ಒಂದು ಪುಟ ಅಮ್ಮ ನೋಡಬಹುದು.

ಚಿಕ್ಕಮ್ಮ: ಇನ್ನೊಂದು?

ಪುಟ್ಟಿ: ಆರನೇದು ಓದಿದ್ಯಲ್ಲ ಅಮ್ಮ.

(ಚಿಕ್ಕಮ್ಮ ಬರೆಯುತ್ತಿದ್ದಾರೆ, ಅಳಿಸುತ್ತಿದ್ದಾರೆ, ಮತ್ತೆ ಬರೆಯುತ್ತಿದ್ದಾರೆ.)

ಚಿಕ್ಕಮ್ಮ: ಸರಿ. ನಾನು ಅಡುಗೆಮನೇಲಿರ್ತೇನೆ. ಬೇಕಾದ್ರೆ ಕರೆ.

ದೊಡ್ಡಪ್ಪ: ನಾನು ನಿಯಮ ಹೇಳಿದ್ದಷ್ಟೇ ಪುಟ್ಟಿ.

ಅಜ್ಜ: (ವಾಯ್ಸ್, 9 ಸೆಕೆಂಡ್) ಗುರುವಾರ ನಾಲ್ಕಕ್ಕೆ ನಾನು ತೋಟಕ್ಕೆ ಹೋಗ್ತೇನೆ. ಅಡಿಕೆಗೆ ಕೊಳೆ ರೋಗ ಬಿದ್ದಿದೆಯಾ ನೋಡ್ಬೇಕು. ಕುರ್ಚಿ ಅಲ್ಲೇ ಇರಲಿ, ಅವಳು ಕೂರ್ಲಿ.

ದೊಡ್ಡಪ್ಪ: ಆ ಮಳೇಲಿ ಎಂತ ತೋಟ ಅಪ್ಪಯ್ಯ?

ಅಜ್ಜ: 👍

ಶಿವಮೊಗ್ಗ ಅತ್ತೆ: ಕರೆಂಟ್ ಹೋದ್ರೆ ವೈಫೈ ಹೋಗ್ತದೆ. ಇನ್ವರ್ಟರ್ ಬ್ಯಾಟರಿಗೆ ನೀರು ಹಾಕಿ ಎಷ್ಟು ದಿನ ಆಯ್ತು?

ಚಿಕ್ಕಮ್ಮ: ಭಾವ ಹಾಕ್ತೇನೆ ಅಂದಿದ್ರು. ಯುಗಾದಿಗೆ.