ಅಪ್‌ಡೇಟ್: ಇತಿಹಾಸ ಸ್ಪರ್ಧೆಗೆ ಹಂಪಿ ಬಿಟ್ಟು ಬೇಗೂರು
ಪರಂಪರೆ ಸಂಘದ ಶಾಲಾ ಇತಿಹಾಸ ಸ್ಪರ್ಧೆಗೆ ಮಗಳು ಯಾವ ವಿಷಯ ಆರಿಸಿಕೊಳ್ಳಲಿ ಎಂದು ಕೇಳಿದ್ದೆ. ‘ಹಂಪಿ ಎಲ್ಲರೂ ಮಾಡುತ್ತಾರೆ, ಮನೆ ಹತ್ತಿರದ ಕಲ್ಲು ನೋಡಿ’ ಎಂದವರಿಗೆ ದೊಡ್ಡ ನಮಸ್ಕಾರ. ಬೆಂಗಳೂರಿನಲ್ಲೇ ಇರುವ ಬೇಗೂರಿನ ನಾಗೇಶ್ವರ ದೇವಸ್ಥಾನಕ್ಕೆ ಹೋದೆವು. ಅಲ್ಲಿನ ಸುಮಾರು ಕ್ರಿ.ಶ. 890ರ ಶಾಸನದಲ್ಲಿ ‘ಬೆಂಗಳೂರ ಕಾಳಗ’ದ ಪ್ರಸ್ತಾಪವಿದೆ. ಅಂದರೆ ಕೆಂಪೇಗೌಡರ 1537ರ ಕೋಟೆಗಿಂತ ಆರು ಶತಮಾನ ಹಿಂದೆಯೇ ಇಲ್ಲಿ ಊರಿತ್ತು, ಜಗಳವೂ ಇತ್ತು! ಕಾಳಗದಲ್ಲಿ ಮಡಿದವನು ಗಂಗರ ಅಧಿಕಾರಿ ನಾಗತ್ತರನ ಕಡೆಯ ಬುಟ್ಟಣಸೆಟ್ಟಿ.

ಸ್ಪರ್ಧೆಯಲ್ಲಿ ತೀರ್ಪುಗಾರರು ಮಗಳ ಚಿತ್ರಪಟದ (ಪೋಸ್ಟರ್) ಅಂದಚಂದಕ್ಕೆ ಅಷ್ಟಾಗಿ ಗಮನ ಕೊಡಲಿಲ್ಲ. ‘ಇದು ನಿನಗೆ ಹೇಗೆ ಗೊತ್ತು?’ ಎಂದೇ ಕೆದಕಿದರು. ಅದು ನನಗೆ ಬಹಳ ಹಿಡಿಸಿತು. ಎರಡನೇ ಬಹುಮಾನ ಬಂದಿದೆ. ಮುಂದಿನ ವರ್ಷಕ್ಕೆ ಹಳೆಯ ಕನ್ನಡ ಶಾಸನ ಸಿಕ್ಕ ಹಲ್ಮಿಡಿ ಎನ್ನುತ್ತಿದ್ದಾಳೆ, ಹೋಗಿಬಂದವರಿದ್ದರೆ ತಿಳಿಸಿ.